ಪೇಜು ನುಂಗಿದ ಈಟಿ

‘ಕಳಿಸು’ ಬಟನ್ ಒತ್ತಿದ ಕಡ್ಡಿ ಶಾಲೆಯ ಕಂಪ್ಯೂಟರಿನ ಪರದೆಯನ್ನೇ ನೋಡುತ್ತಾ ಕೂತುಬಿಟ್ಟಳು.

ಅವಳು ಬರೆದ ಸಾಲು ಪೇಜಿನ ಮೇಲ್ಗಡೆ ಕಾಣುತ್ತಿತ್ತು. ಅದರ ಕೆಳಗೆ ಏನೂ ಇರಲಿಲ್ಲ. ಈಗಷ್ಟೇ ಇಡೀ ಶಾಲೆಯ ಮಕ್ಕಳ ಮಾತುಗಳು ಒಂದರ ಕೆಳಗೊಂದು ಉದ್ದಕ್ಕೆ ಇಳಿದಿದ್ದ ಪೇಜು, ಹೊಸದಾಗಿ ಸುಣ್ಣ ಬಳಿದ ಗೋಡೆಯ ಹಾಗೆ ಬೆಳ್ಳಗಿತ್ತು.

ಕಡ್ಡಿ ಮೌಸಿನ ಚಕ್ರ ತಿರುಗಿಸಿದಳು. ಪೇಜು ಸರಿಯಲಿಲ್ಲ. ಸರಿಯುವುದಕ್ಕೆ ಕೆಳಗೆ ಏನಾದರೂ ಇದ್ದರೆ ತಾನೇ.

ಪಕ್ಕದಲ್ಲಿ ತನ್ನ ಸರದಿಗೆ ಕಾಯುತ್ತಿದ್ದವನು ಅವಳ ಕ್ಲಾಸಿನ ಗುಂಡ. ಅವನು ಬಗ್ಗಿ ನೋಡಿದ.

“ನಂದೆಲ್ಲಿ? ನಿನ್ನೆ ನಾನು ಬರ್ದಿದ್ದು ಎಲ್ಲಿ ಹೋಯ್ತು?”

“ಗೊತ್ತಿಲ್ಲ.”

“ಏನ್ ಒತ್ತಿದೆ ನೀನು?”

“ಕಳಿಸು ಅಂತ ಒತ್ತಿದೆ. ಅಷ್ಟೇ ಕಣೋ.”

ಅವಳ ಕೈ ಮೌಸಿನ ಮೇಲೇ ಇತ್ತು. ತೆಗೆದರೆ ಇನ್ನೇನಾಗುತ್ತದೋ ಅನ್ನುವ ಭಯ.

ಅವರ ಆಟದ ಮೇಷ್ಟ್ರು ಆಸ್ಪತ್ರೆಯಲ್ಲಿದ್ದರು. ನಾಳೆ ಬೆಳಗ್ಗೆ ಅವರಿಗೆ ಹೃದಯದ ಆಪರೇಷನ್. ಅವರಿಗೆ ಧೈರ್ಯ ಹೇಳಲಿಕ್ಕೆಂದೇ ಶಾಲೆಯ ವೆಬ್‌ಸೈಟಿನಲ್ಲಿ ಈ ಪೇಜು ಮಾಡಿದ್ದರು. ಯಾರು ಬೇಕಾದರೂ ಅಲ್ಲಿದ್ದ ಖಾಲಿ ಚೌಕದ ಡಬ್ಬಿಯಲ್ಲಿ ಬರೆದು ಕಳಿಸಬಹುದಿತ್ತು. ಹೊಸದಾಗಿ ಬರೆದದ್ದು ಎಲ್ಲಕ್ಕಿಂತ ಮೇಲೆ ಬರುತ್ತಿತ್ತು. ಮೇಷ್ಟ್ರ ಹೆಂಡತಿ ಆಸ್ಪತ್ರೆಯಲ್ಲಿ ಅದನ್ನೆಲ್ಲ ಓದಿ ಹೇಳುತ್ತಿದ್ದರಂತೆ.

ಎಲ್ಲರೂ ‘ಬೇಗ ಗುಣವಾಗಿ ಸಾರ್’ ಎಂದೇ ಬರೆದಿದ್ದರು. ಕಡ್ಡಿಗೆ ಅದು ಸಾಲದು ಅನಿಸಿತ್ತು. ತೆಳ್ಳಗೆ, ಎತ್ತರಕ್ಕೆ ಇದ್ದ ಅವಳನ್ನು ಎಲ್ಲರೂ ‘ಕಡ್ಡಿ’ ಎಂದು ರೇಗಿಸುತ್ತಿದ್ದಾಗ, ಈ ಕೈಗೆ ಒಂದು ಈಟಿ ಕೊಟ್ಟು ನೋಡೋಣ ಎಂದವರು ಮೇಷ್ಟ್ರು. ಮಕ್ಕಳಿಗೆಂದು ತರಿಸಿದ್ದ ಪ್ಲಾಸ್ಟಿಕ್ ಈಟಿ ಅದು. ಅವಳು ಮೊದಲ ಸಲ ಎಸೆದಾಗ ಅದು ಮೈದಾನದ ಆಚೆ ಬೇಲಿಗೆ ಹೋಗಿ ಸಿಕ್ಕಿಕೊಂಡಿತ್ತು. ಅಲ್ಲಿಂದ ಮುಂದೆ ರೇಗಿಸುವವರೂ ಕಡಿಮೆಯಾಗಿದ್ದರು.

ಅದಕ್ಕೇ ಅವಳು ‘ಮೇಷ್ಟ್ರೇ, ಬೇಗ ಬನ್ನಿ. ಅಲ್ಲೀವರೆಗೂ ಇದನ್ನ ಹತ್ರ ಇಟ್ಕೊಂಡಿರಿ’ ಎಂದು ಬರೆದು, ಕೀಬೋರ್ಡಿನ ಗುರುತುಗಳಲ್ಲೇ ಒಂದು ಈಟಿ ಮಾಡಿದ್ದಳು. ಎಡಕ್ಕೆ ಚೂಪಾಗಿರುವ ಬಾಣದ ಗುರುತು ಈಟಿಯ ಮೂತಿ. ಅದರ ಬೆನ್ನಿಗೆ ಒಂದು ಆಶ್ಚರ್ಯಸೂಚಕ ಚಿಹ್ನೆ, ಅದು ಹಿಡಿಯುವ ಜಾಗ. ಆಮೇಲೆ ಸಾಲಾಗಿ ಅಡ್ಡಗೆರೆಗಳು. ಡಬ್ಬಿಯಲ್ಲಿದ್ದಾಗ ಈಟಿ ಸೊಗಸಾಗೇ ಕಾಣುತ್ತಿತ್ತು. ಈಗ ಅವಳ ಸಾಲು ಮಾತ್ರ ಇತ್ತು. ಈಟಿಯೂ ಇಲ್ಲ, ಬೇರೆಯವರ ಮಾತೂ ಇಲ್ಲ.

ಕಂಪ್ಯೂಟರ್ ಮಿಸ್ ಬಂದು ರಿಫ್ರೆಶ್ ಮಾಡಿದರು. ಬೇರೆ ಕಂಪ್ಯೂಟರಿನಲ್ಲಿ ನೋಡಿದರು. ತಮ್ಮ ಫೋನಿನಲ್ಲೂ ನೋಡಿದರು. ಎಲ್ಲ ಕಡೆಯೂ ಅದೇ ಬಿಳಿ ಪೇಜು. ಅವರು ಬೈಯಲಿಲ್ಲ. ಬೈದಿದ್ದರೇ ವಾಸಿಯಿತ್ತು.

ಅಷ್ಟರಲ್ಲಿ ಅವರ ಫೋನು ಹೊಡೆದುಕೊಂಡಿತು. ಮೇಷ್ಟ್ರ ಹೆಂಡತಿ. ಬೆಳಗ್ಗೆ ಅಷ್ಟೊಂದು ಇತ್ತು, ಈಗ ಒಂದೇ ಇದೆ, ಮಿಕ್ಕವನ್ನು ನೀವೇ ತೆಗೆಸಿದಿರಾ ಎಂದು ಕೇಳುತ್ತಿದ್ದರು. ಹಾಸಿಗೆಯಲ್ಲಿರುವ ಇವರು ಪದೇಪದೇ ಕೇಳುತ್ತಿದ್ದಾರೆ, ಏನು ಹೇಳಲಿ ಎಂದರು. ಮಿಸ್ ಏನೋ ಸಮಾಧಾನ ಹೇಳಿ ಫೋನಿಟ್ಟರು.

ಸುದ್ದಿ ಊಟದ ಬಿಡುವಿನೊಳಗೆ ಶಾಲೆಯೆಲ್ಲ ಸುತ್ತಿತು. ಚಿಕ್ಕ ಕ್ಲಾಸಿನ ಮಕ್ಕಳು ಒಂದೊಂದೇ ಅಕ್ಷರ ಹುಡುಕಿ ಟೈಪ್ ಮಾಡಿದ್ದರು, ಅದೂ ಹೋಯಿತು ಎಂದರು ಯಾರೋ. ‘ಹ್ಯಾಕರ್’ ಎಂದರು ಇನ್ಯಾರೋ. ಕಡ್ಡಿ ತನ್ನ ಬುತ್ತಿ ಎತ್ತಿಕೊಂಡು ಮೈದಾನದ ಬೇಲಿಯ ಹತ್ತಿರ ಹೋಗಿ ಕೂತಳು.

ಆ ವೆಬ್‌ಸೈಟ್ ಮಾಡಿದವಳು ಬೇರೆ ಯಾರೂ ಅಲ್ಲ, ಕಡ್ಡಿಯ ಅತ್ತೆ. ಅಪ್ಪನ ತಂಗಿ. ಅವಳು ಇವರ ಮನೆಯಲ್ಲೇ ಇದ್ದು, ಮುಂದಿನ ಕೋಣೆಯಲ್ಲಿ ಎರಡು ಪರದೆ ಇಟ್ಟುಕೊಂಡು ಅಂಗಡಿಗಳಿಗೆ, ಶಾಲೆಗಳಿಗೆ ವೆಬ್‌ಸೈಟ್ ಮಾಡಿಕೊಡುತ್ತಿದ್ದಳು. ಕಂಪ್ಯೂಟರಿನ ವಿಷಯದಲ್ಲಿ ಅತ್ತೆಗೆ ಗೊತ್ತಿಲ್ಲದ್ದು ಇಲ್ಲ ಎಂದು ಕಡ್ಡಿ ನಂಬಿದ್ದಳು.

ಶಾಲೆಯಿಂದ ಬಂದವಳು ಬ್ಯಾಗು ಕೂಡ ಇಳಿಸದೆ ಅತ್ತೆಯ ಕುರ್ಚಿಯ ಹಿಂದೆ ನಿಂತಳು.

“ಮಿಸ್ ಈಗ್ತಾನೆ ಫೋನ್ ಮಾಡಿದ್ರು,” ಎಂದಳು ಅತ್ತೆ ತಿರುಗದೆಯೇ. “ಪೇಜು ಖಾಲಿಯಾಗಿದೆಯಂತೆ. ಬಾ, ನೋಡೋಣ.”

“ನಾನೇ ಅತ್ತೆ. ಎಲ್ಲಾರ್ದೂ ಅಳಿಸಿಬಿಟ್ಟೆ.” ಅಷ್ಟು ಹೇಳುವಷ್ಟರಲ್ಲಿ ಕಣ್ಣು ತುಂಬಿಬಂತು.

ಅತ್ತೆ ಅವಳನ್ನು ಪಕ್ಕದ ಸ್ಟೂಲಿನ ಮೇಲೆ ಕೂರಿಸಿಕೊಂಡಳು. ಆ ಬಿಳಿ ಪೇಜಿನ ಹಿಂದೆ ಇರುವ ಬರಹವನ್ನು ತೆರೆದಳು. ಪರದೆಯ ತುಂಬ ಸಣ್ಣ ಸಣ್ಣ ಅಕ್ಷರ. ಅದರ ನಡುವೆ ಕಡ್ಡಿಯ ಸಾಲು, ಅವಳ ಈಟಿ. ಈಟಿಯಿಂದ ಆಚೆಗೆ ಇದ್ದದ್ದೆಲ್ಲ ಹಸಿರು ಬಣ್ಣಕ್ಕೆ ತಿರುಗಿತ್ತು. ಆ ಹಸಿರಿನಲ್ಲಿ ಗುಂಡನ ಹೆಸರಿತ್ತು. ಚಿಕ್ಕ ಮಕ್ಕಳ ತಪ್ಪು ತಪ್ಪು ಅಕ್ಷರಗಳಿದ್ದವು. ಎಲ್ಲ ಇತ್ತು.

“ಒಂದಕ್ಷರಾನೂ ಹೋಗಿಲ್ಲ, ನೋಡು,” ಎಂದಳು ಅತ್ತೆ. “ಈ ಗುರುತುಗಳು ಹೀಗೆ ಅಂಟ್ಕೊಂಡು ಬಂದ್ರೆ ಪೇಜು ತೋರಿಸೋ ಬ್ರೌಸರ್‌ಗೆ ಅದೊಂದು ಅಪ್ಪಣೆ. ಇಲ್ಲಿಂದ ಮುಂದೆ ಇರೋದನ್ನ ಯಾರಿಗೂ ತೋರಿಸ್ಬೇಡ ಅಂತ. ನೀನು ಈಟಿ ಬರ್ದೆ. ಅದು ಅಪ್ಪಣೆ ಅಂದ್ಕೊಳ್ತು.”

ಕಡ್ಡಿಗೆ ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ಅತ್ತೆ ಅವಳ ಸಂದೇಶವನ್ನು ಅಳಿಸಿದಳು. ರಿಫ್ರೆಶ್ ಮಾಡಿದ ಕೂಡಲೇ ಪೇಜು ಮೊದಲಿನ ಹಾಗೆ ತುಂಬಿಕೊಂಡಿತು. ಅತ್ತೆ ನಕ್ಕು, ಇಂಥ ಗುರುತುಗಳನ್ನು ಬಳಸಬೇಡಿ ಎಂದು ಮಕ್ಕಳಿಗೆ ಹೇಳಿಬಿಡಿ ಎಂದು ಮಿಸ್‌ಗೆ ಒಂದು ಮೆಸೇಜ್ ಹಾಕಿದಳು.

ಕಡ್ಡಿ ಎದ್ದವಳು ಮತ್ತೆ ಕೂತಳು.

“ಯಾರಾದ್ರೂ ಮರ್ತು ಬರೆದ್ರೆ?”

“ಇನ್ನೊಂದ್ಸಲ ಅಳಿಸಿದ್ರಾಯ್ತು.”

“ಬೇಕೂಂತಲೇ ಬರೆದ್ರೆ?”

ಅತ್ತೆಯ ನಗು ಅಲ್ಲೇ ನಿಂತಿತು. “ಬೇಕೂಂತ ಬರೆಯೋರು ಹುಡುಕೋ ಡಬ್ಬೀಲೂ ಬರೀಬಹುದು,” ಎಂದಳು. ಆಮೇಲೆ, ತನ್ನ ಕಂಪ್ಯೂಟರಿನಲ್ಲೇ ಇಟ್ಟುಕೊಂಡಿದ್ದ ಆ ವೆಬ್‌ಸೈಟಿನ ನಕಲನ್ನು ತೆರೆದಳು. ಹೆಸರು ಕೊಟ್ಟರೆ ಅವರು ಬರೆದದ್ದನ್ನು ಹುಡುಕಿಕೊಡುವ ಡಬ್ಬಿಯೊಂದು ಅದರಲ್ಲಿತ್ತು. ಅತ್ತೆ ಅಲ್ಲಿ ಹೆಸರು ಬರೆಯಲಿಲ್ಲ. ಒಂದು ಒಂಟಿ ಉದ್ಧರಣ ಚಿಹ್ನೆ ಹಾಕಿ, ಅದರ ಮುಂದೆ ಇಂಗ್ಲಿಷಿನಲ್ಲಿ ಏನೋ ಚಿಕ್ಕದಾಗಿ ಬರೆದು ಎಂಟರ್ ಒತ್ತಿದಳು.

ಪರದೆಯ ಮೇಲೆ ದಬದಬನೆ ಸಾಲುಗಳು ಬಿದ್ದವು. ಮಕ್ಕಳ ಪೂರ್ತಿ ಹೆಸರು, ಮನೆಯ ವಿಳಾಸ, ಅಪ್ಪ ಅಮ್ಮಂದಿರ ಫೋನ್ ನಂಬರು. ಕಡ್ಡಿಯ ಕಣ್ಣು ತಾನಾಗಿಯೇ ತನ್ನ ಹೆಸರನ್ನು ಹುಡುಕಿತು. ಇತ್ತು. ಮುಂದೆ ಇದೇ ಮನೆಯ ವಿಳಾಸ. ಅದರ ಮುಂದೆ ಅಮ್ಮನ ನಂಬರು.

ಮನೆಯ ಬಾಗಿಲು ಇಷ್ಟು ದಿನವೂ ತೆರೆದೇ ಇತ್ತು, ತಾವೆಲ್ಲ ಒಳಗೆ ನಿಶ್ಚಿಂತೆಯಿಂದ ಮಲಗಿದ್ದೆವು ಎಂದು ಯಾರೋ ಹೇಳಿದ ಹಾಗಾಯಿತು ಅವಳಿಗೆ.

“ಇದು ಎಲ್ಲಾರಿಗೂ ಕಾಣ್ಸತ್ತಾ?” ಎಂದಳು ಮೆಲ್ಲಗೆ.

“ಹೀಗೆ ಬರೆಯೋಕೆ ಗೊತ್ತಿರೋರಿಗೆ ಕಾಣ್ಸತ್ತೆ.” ಅತ್ತೆಯ ಮುಖ ಬಿಳಿಚಿಕೊಂಡಿತ್ತು.

ಅವಳು ಮೊದಲು ಶಾಲೆಯ ವೆಬ್‌ಸೈಟಿನ ಹುಡುಕುವ ಡಬ್ಬಿಯನ್ನು ಮುಚ್ಚಿದಳು. ಆಮೇಲೆ ಇದು ಹೇಗಾಯಿತು ಎಂದು ಕಡ್ಡಿಗೆ ಹೇಳಿದಳು. ಮಕ್ಕಳು ಬರೆದದ್ದೂ ಶಾಲೆಗೆ ಕೊಟ್ಟ ಅವರ ವಿವರವೂ ಡೇಟಾಬೇಸ್ ಎನ್ನುವ ಒಂದೇ ಉಗ್ರಾಣದಲ್ಲಿರುತ್ತದೆ. ಅಲ್ಲಿಗೆ ಅತ್ತೆಯ ಅಪ್ಪಣೆ ಬೇರೆಯಾಗಿ, ಡಬ್ಬಿಯಲ್ಲಿ ಜನ ಬರೆದ ಮಾತು ಬೇರೆಯಾಗಿ ಹೋಗಬೇಕು. ಅವಳು ಎರಡನ್ನೂ ಒಂದೇ ಸಾಲಿನಲ್ಲಿ ಅಂಟಿಸಿ ಕಳಿಸುತ್ತಿದ್ದಳು. ಆ ಒಂಟಿ ಚಿಹ್ನೆ ಬಿದ್ದ ಕಡೆ ಜನರ ಮಾತು ಮುಗಿಯಿತು ಎಂದುಕೊಳ್ಳುವ ಉಗ್ರಾಣ, ಅದರ ಮುಂದಿನದನ್ನೂ ಅತ್ತೆಯ ಅಪ್ಪಣೆ ಎಂದೇ ಪಾಲಿಸುತ್ತಿತ್ತು.

“ಹಾಗೆ ಅಂಟಿಸ್ಬಾರ್ದು ಅಂತ ನಿಂಗೆ ಗೊತ್ತಿರ್ಲಿಲ್ವಾ?”

“ಗೊತ್ತಿತ್ತು,” ಎಂದಳು ಅತ್ತೆ. “ಪೇಜು ಬೇಗ ಬೇಕು ಅಂದಿದ್ರು. ಆಮೇಲೆ ಸರಿ ಮಾಡೋಣ ಅಂದ್ಕೊಂಡೆ. ಮರ್ತೇಹೋಯ್ತು.”

ಬಿಳಿ ಪೇಜು ನೋಡಿದಾಗಲೂ ಕಡ್ಡಿಗೆ ಇಷ್ಟು ದಿಗಿಲಾಗಿರಲಿಲ್ಲ. ಅತ್ತೆಗೆ ಗೊತ್ತಿತ್ತು. ಗೊತ್ತಿದ್ದೂ ಹೀಗಾಗಿತ್ತು. ಅವಳು ಅತ್ತೆಯ ಮುಖವನ್ನು ಹೊಸದಾಗಿ ನೋಡುವವಳ ಹಾಗೆ ನೋಡಿದಳು.

ಸಂಜೆಯವರೆಗೆ ಅತ್ತೆ ಕುರ್ಚಿ ಬಿಟ್ಟು ಏಳಲಿಲ್ಲ. ಅಮ್ಮ ಕಾಫಿ ಇಟ್ಟು ಹೋದದ್ದು ಆರಿ ಕೆನೆ ಕಟ್ಟಿತು. ಅತ್ತೆ ಅಪ್ಪಣೆ ಮತ್ತು ಮಾತು ಬೇರೆ ಬೇರೆ ಹೋಗುವ ಹಾಗೆ ತಿದ್ದಿದಳು. ಯಾರು ಯಾವ ಗುರುತು ಬರೆದರೂ ಪೇಜಿನ ಮೇಲೆ ಅದು ಬರಿಯ ಗುರುತಾಗಿಯೇ ಕಾಣುವ ಹಾಗೆ ಮಾಡಿದಳು. ನಕಲಿನಲ್ಲಿ ಪರೀಕ್ಷೆ ಮಾಡುವ ಕೆಲಸ ಕಡ್ಡಿಯದು. ಅವಳು ಬಾಣ, ಉದ್ಧರಣ, ಕಂಸ, ಚುಕ್ಕಿ, ಕೈಗೆ ಸಿಕ್ಕಿದ್ದನ್ನೆಲ್ಲ ಒತ್ತಿದಳು. ಅತ್ತೆ ಹೇಳಿಕೊಟ್ಟ ಇಂಗ್ಲಿಷ್ ಸಾಲನ್ನೂ ಹಾಕಿ ನೋಡಿದಳು. ‘ಆ ಹೆಸರಿನವರು ಯಾರೂ ಇಲ್ಲ’ ಎಂದು ಉತ್ತರ ಬಂತು. ಆಮೇಲೆ ಅತ್ತೆ ತಿದ್ದಿದ್ದನ್ನು ಶಾಲೆಯ ವೆಬ್‌ಸೈಟಿಗೆ ಹಾಕಿ, ಅಲ್ಲಿಂದ ಅಳಿಸಿದ್ದ ಕಡ್ಡಿಯ ಸಾಲನ್ನು ಮತ್ತೆ ಸೇರಿಸಿದಳು. ಈ ಸಲ ಈಟಿ ಪೂರ್ತಿಯಾಗಿ ಕಂಡಿತು. ಕೆಳಗೆ ಎಲ್ಲರ ಮಾತೂ ಇತ್ತು.

ಕತ್ತಲಾಗುವ ಮುಂಚೆ ಮೇಷ್ಟ್ರ ಹೆಂಡತಿಯೇ ಅತ್ತೆಗೆ ಫೋನ್ ಮಾಡಿದರು. ಮೇಷ್ಟ್ರು ಮೊದಲಿನಿಂದ ಕೊನೆಯವರೆಗೆ ಓದಿಸಿಕೊಂಡರಂತೆ. ಈಟಿಯನ್ನು ಮಾತ್ರ ಕನ್ನಡಕ ಹಾಕಿಕೊಂಡು ತಾವೇ ನೋಡಿದರಂತೆ. ಹಿಡಿಯುವ ಜಾಗ ಮೂತಿಗೆ ಅಷ್ಟು ಹತ್ತಿರ ಇರುವುದಿಲ್ಲ, ಹೀಗೆ ಹಿಡಿದು ಎಸೆದರೆ ಕಾಲ ಬುಡಕ್ಕೇ ಬೀಳುತ್ತದೆ, ಬಂದಮೇಲೆ ಅವಳನ್ನು ವಿಚಾರಿಸಿಕೊಳ್ಳುತ್ತೇನೆ ಎಂದರಂತೆ. ಕಡ್ಡಿಗೆ ಆ ದಿನ ಮೊದಲ ಬಾರಿಗೆ ನಗು ಬಂತು. ಅತ್ತೆ ನಗಲಿಲ್ಲ.

ಮಾರನೆಯ ಬೆಳಗ್ಗೆ ಅತ್ತೆಯೂ ಶಾಲೆಗೆ ಬಂದಳು. ಹೆಡ್ ಮಿಸ್ ಕೋಣೆಯ ಬಾಗಿಲು ಮುಚ್ಚಿಕೊಂಡಿತು. ಕ್ಲಾಸಿಗೆ ಹೋಗು ಎಂದಿದ್ದರೂ ಕಡ್ಡಿ ಹೊರಗಿನ ಬೆಂಚಿನ ಮೇಲೆ ಕೂತಳು. ಒಳಗಿನ ಮಾತು ತುಣುಕು ತುಣುಕಾಗಿ ಕೇಳುತ್ತಿತ್ತು. ಅತ್ತೆ ಎಲ್ಲವನ್ನೂ ಹೇಳುತ್ತಿದ್ದಳು. ಹುಡುಕುವ ಡಬ್ಬಿಯ ವಿಷಯವನ್ನೂ. ಅದನ್ನು ಹೇಳದಿದ್ದರೆ ಯಾರಿಗೂ ಗೊತ್ತಾಗುತ್ತಲೇ ಇರಲಿಲ್ಲ. ಯಾರಾದರೂ ಆ ವಿವರ ತೆಗೆದಿರಬಹುದೇ ಎಂದು ಹೆಡ್ ಮಿಸ್ ಕೇಳಿದರು. ತೆಗೆದ ಗುರುತು ಕಾಣಿಸಲಿಲ್ಲ, ಆದರೂ ಎಲ್ಲ ಮನೆಗಳಿಗೂ ತಿಳಿಸುವುದು ಒಳ್ಳೆಯದು ಎಂದಳು ಅತ್ತೆ. ಆಮೇಲೆ ಬಹಳ ಹೊತ್ತು ಹೆಡ್ ಮಿಸ್ ದನಿಯೊಂದೇ ಕೇಳಿತು. ಜೋರಾಗಿ ಇರಲಿಲ್ಲ. ಅದಕ್ಕೇ ಭಯವಾಗುತ್ತಿತ್ತು.

ಬಾಗಿಲು ತೆರೆದಾಗ ಅತ್ತೆಯ ಕಣ್ಣು ಕೆಂಪಾಗಿತ್ತು.

“ಬೈದ್ರಾ?”

“ಹೂಂ.”

“ನಮ್ಮ ಶಾಲೆ ಕೆಲಸ ನಿಂಗೇ ಕೊಡ್ತಾರಾ ಇನ್ಮೇಲೆ?”

“ಯೋಚನೆ ಮಾಡಿ ಹೇಳ್ತಾರಂತೆ. ನೀನು ಕ್ಲಾಸಿಗೆ ನಡಿ.”

“ಗೇಟ್ ತನಕ ಬರ್ತೀನಿ.”

ಮೈದಾನದ ಪಕ್ಕದಲ್ಲಿ ಗುಂಡ ಎದುರಾದ. ಮೇಷ್ಟ್ರ ಆಪರೇಷನ್ ಶುರುವಾಗಿದೆಯಂತೆ ಎಂದ. ಆಮೇಲೆ ಕಡ್ಡಿಯ ಕಡೆ ತಿರುಗಿ, “ಅಂತೂ ನಿನ್ನೆ ಅದು ಯಾರ ತಪ್ಪು?” ಎಂದು ಕೇಳಿದ.

ನಿನ್ನೆ ಮಧ್ಯಾಹ್ನವೆಲ್ಲ ‘ನಾನಲ್ಲ’ ಎಂದು ಹೇಳಲು ಕಡ್ಡಿಯ ನಾಲಿಗೆ ತುರಿಸುತ್ತಿತ್ತು. ಈಗ ಹೇಳಬಹುದಿತ್ತು. ಹೇಳುವ ಬದಲು ಅವಳು ಅತ್ತೆಯ ಪಕ್ಕಕ್ಕೆ ಸರಿದು ನಿಂತಳು.

“ನಂದು,” ಎಂದಳು ಅತ್ತೆ.

ಗುಂಡನಿಗೆ ಎತ್ತ ನೋಡಬೇಕೋ ತಿಳಿಯಲಿಲ್ಲ. ಶೂ ಲೇಸು ಸರಿಮಾಡಿಕೊಳ್ಳುವ ಹಾಗೆ ಬಗ್ಗಿದ.

ದೊಡ್ಡವರಿಗೂ ಈ ಮಾತು ಹೇಳುವಾಗ ದನಿ ಹೀಗೆ ಒಡೆಯುತ್ತದೆ ಎಂದು ಕಡ್ಡಿಗೆ ಗೊತ್ತಿರಲಿಲ್ಲ. ಯಾವಾಗಲೂ ಅತ್ತೆಗಿಂತ ಮುಂದೆ ಮುಂದೆ ಓಡುವವಳು ಇವತ್ತು ಹೆಜ್ಜೆ ನಿಧಾನ ಮಾಡಿದಳು. ಅತ್ತೆಯ ಹೆಗಲಿನಿಂದ ಲ್ಯಾಪ್‌ಟಾಪ್ ಬ್ಯಾಗನ್ನು ತೆಗೆದು ತಾನು ಹಾಕಿಕೊಂಡಳು. ಬ್ಯಾಗು ಅವಳು ಅಂದುಕೊಂಡಿದ್ದಕ್ಕಿಂತ ಭಾರವಾಗಿತ್ತು. ಗೇಟು ಬರುವವರೆಗೂ ಅವಳು ಅದನ್ನು ವಾಪಸ್ ಕೊಡಲಿಲ್ಲ.