ಗುಂಡಿ ಒಂದು ಬಾಕಿ

ಮೊದಲ ಭೇಟಿಯಲ್ಲೇ ಅವಳು ಕಳೆದುಕೊಂಡದ್ದು ಕೋಟಿನ ಎರಡನೇ ಗುಂಡಿಯನ್ನು.

ಇಂಥ ಕಥೆಗಳಲ್ಲಿ ಮನಸ್ಸು ಕಳೆದುಕೊಳ್ಳುವುದು ವಾಡಿಕೆ. ಅದೂ ಆಗುತ್ತದೆ, ಸ್ವಲ್ಪ ತಾಳಿ... ಮೊದಲು ಗುಂಡಿಯ ವಿಚಾರ ಹೇಳಿಬಿಡುತ್ತೇನೆ.

ಗಾಯಗೊಂಡ, ಸಾಕಿ ಬಿಟ್ಟುಹೋದ ಗಿಳಿಗಳನ್ನು ಆರೈಕೆ ಮಾಡುವ ಮನೆ ಅದು. ಅವಳು ಆಸ್ಪತ್ರೆಯಿಂದ ನೇರವಾಗಿ, ಬಿಳಿ ಕೋಟಿನಲ್ಲೇ ಬಂದಿದ್ದಳು. ವರಾಂಡಕ್ಕೆ ಕಾಲಿಟ್ಟು ಇನ್ನೂ ‘ಯಾರಿದ್ದೀರಿ’ ಎಂದು ಕೂಗಿರಲಿಲ್ಲ, ಕಪಾಟಿನ ಮೇಲಿಂದ ಬೂದು ಮೈಯ, ಕೆಂಪು ಬಾಲದ ದಪ್ಪ ಗಿಳಿಯೊಂದು ಧೊಪ್ಪನೆ ಅವಳ ಭುಜದ ಮೇಲೆ ಬಿತ್ತು. ಎಡ ರೆಕ್ಕೆ ಮೇಲೇಳದ ಕಾರಣ ಅದು ಹಾರುತ್ತಿರಲಿಲ್ಲ, ಬೀಳುತ್ತಿತ್ತು. ಬಿದ್ದದ್ದೇ ಗುಂಡಿಗೆ ಕೊಕ್ಕು ಹಾಕಿ ದಾರದ ಸಮೇತ ಕಿತ್ತು, ಒಂದು ಕಾಲಲ್ಲಿ ಗಟ್ಟಿಯಾಗಿ ಹಿಡಿದುಕೊಂಡಿತು.

“ಅಲ್ಲಾಡಬೇಡಿ.”

ಒಳಗಿನಿಂದ ಒಬ್ಬ ಬಂದ. ಕೈಯಲ್ಲಿ ಸೂರ್ಯಕಾಂತಿ ಬೀಜದ ಡಬ್ಬಿ, ಮುಂಗೈ ತುಂಬ ಕಚ್ಚಿಸಿಕೊಂಡ ಗುರುತು. ಅವಳ ಮುಖವನ್ನು ಅವನು ನೋಡಲೇ ಇಲ್ಲ. ಗಿಳಿಯ ಕಣ್ಣನ್ನೇ ನೋಡುತ್ತ ಹತ್ತಿರ ಬಂದ. ಇನ್ನೂ ಹತ್ತಿರ... ಅವನ ಉಸಿರು ಅವಳ ಕುತ್ತಿಗೆಗೆ ತಾಗಿತು.

‘ಅಯ್ಯೋ ದೇವರೇ, ನನ್ನ ಎದೆ ಹೊಡೆದುಕೊಳ್ಳುತ್ತಿರುವುದು ಈ ಮನುಷ್ಯನಿಗೆ ಕೇಳಿಸಿದರೆ ಏನು ಗತಿ?’

“ನಾಳೆ ಬನ್ನಿ,” ಎಂದಿತು ಒಂದು ಗಡಸು ದನಿ.

ಅವಳಿಗೆ ಉರಿದುಹೋಯಿತು. “ನಾಳೆ ಯಾಕ್ರೀ ಬರಲಿ? ನನ್ನ ಗುಂಡಿ ನನಗೆ ಈಗಲೇ ಬೇಕು.”

“ನಾನಲ್ಲ ರೀ ಹೇಳಿದ್ದು. ಸಾಹೇಬ.”

ಸಾಹೇಬ ಎಂದರೆ ಆ ಗಿಳಿ. ಎದೆಯುಬ್ಬಿಸಿ ನಡೆಯುವ ಠೀವಿಯಿಂದ ಬಂದ ಹೆಸರು. ಹನ್ನೊಂದು ವರ್ಷ ಒಂದು ಗಡಿಯಾರ ರಿಪೇರಿ ಅಂಗಡಿಯ ಪಂಜರದಲ್ಲಿ ಕೂತು, ಯಜಮಾನ ಗಿರಾಕಿಗಳಿಗೆಲ್ಲ ಹೇಳುತ್ತಿದ್ದ ಒಂದೇ ಒಂದು ಮಾತನ್ನು ಅವನು ಕಲಿತಿದ್ದ. ಅಂಗಡಿ ಮುಚ್ಚಿದ ದಿನ ಯಜಮಾನ ಗಡಿಯಾರಗಳನ್ನೆಲ್ಲ ಗಾಡಿಗೆ ಹೇರಿ, ಪಂಜರವನ್ನು ಕಸದ ತೊಟ್ಟಿಯ ಪಕ್ಕ ಇಟ್ಟು ಹೋಗಿದ್ದ. ಎತ್ತಿಕೊಂಡು ಬಂದವನು ಈ ಮುಂಗೈಯವನು. ಬೀದಿಯವರು ಅವನನ್ನು ಗಿಳಿಯಪ್ಪ ಎನ್ನುತ್ತಿದ್ದರು.

ಅವಳಿಗೂ ಒಂದು ಅಡ್ಡಹೆಸರಿತ್ತು, ಮಾತಿನ ಟೀಚರ್. ಪಾರ್ಶ್ವವಾಯು ಬಡಿದು ಮಾತು ನಿಂತವರಿಗೆ ಮತ್ತೆ ಮಾತು ಕಲಿಸುವುದು ಅವಳ ಕೆಲಸ. ಅವಳ ವಾರ್ಡಿನಲ್ಲಿ ಟೈಲರ್ ತಾತ ಎಂಬವರಿದ್ದರು. ಮಾತು ಬರುತ್ತಿತ್ತು, ಆದರೆ ಸೊಟ್ಟಗೆ ಬರುತ್ತಿತ್ತು. ಒಂದು ದಿನ ಸೊಸೆ ತಡೆಯಲಾರದೆ ನಕ್ಕುಬಿಟ್ಟಳು. ಅವತ್ತಿನಿಂದ ತಾತ ಬಾಯಿ ಹೊಲಿದುಕೊಂಡು ಕೂತಿದ್ದರು. ಎದುರಿಗಿರುವುದು ಮನುಷ್ಯರಲ್ಲದಿದ್ದರೆ ನಾಚಿಕೆ ಇರುವುದಿಲ್ಲವಲ್ಲ ಎಂದು ಅವಳಿಗೆ ಹೊಳೆದಿತ್ತು. ಮಾತಾಡುವ ಗಿಳಿಯೊಂದನ್ನು ದತ್ತು ತೆಗೆದುಕೊಂಡು, ಪಳಗಿಸಿ, ವಾರ್ಡಿಗೆ ಕರೆದೊಯ್ಯಬೇಕು! ಆಸ್ಪತ್ರೆಯ ದೊಡ್ಡ ಡಾಕ್ಟರಮ್ಮ ಒಪ್ಪಿದ್ದರು, ಆದರೆ ಒಂದೇ ಒಂದು ಅವಕಾಶ. ಪರೀಕ್ಷೆಯಲ್ಲಿ ಗಿಳಿ ಯಾರನ್ನಾದರೂ ಕಚ್ಚಿತೋ, ಆಮೇಲೆ ವಾರ್ಡಿನ ಬಾಗಿಲಲ್ಲಿ ಒಂದು ಪುಕ್ಕವೂ ಕಾಣಿಸಬಾರದು.

ಎಲ್ಲ ಕೇಳಿದ ಗಿಳಿಯಪ್ಪ ದತ್ತು ಅರ್ಜಿ ಮುಂದಿಟ್ಟ. ನೋಡಿಕೊಳ್ಳುವವರು ಎಂಬ ಕಡೆ ಎರಡು ಗೆರೆಗಳಿದ್ದವು.

“ಮನೇಲಿ ಇಬ್ಬರು ಬೇಕು. ಒಬ್ಬರನ್ನೇ ಹಚ್ಚಿಕೊಂಡ ಗಿಳಿ ಬೇರೆಯವರನ್ನ ಹತ್ತಿರ ಸೇರಿಸಲ್ಲ. ಅಂಥದ್ದು ವಾರ್ಡಿಗೆ ಆಗಲ್ಲ.”

ಅವಳು ಒಬ್ಬಳೇ ಇದ್ದಳು. ಮೊದಲ ಗೆರೆ ತುಂಬಿತು, ಎರಡನೆಯದು ಖಾಲಿ ಉಳಿಯಿತು. ಅರ್ಜಿ ಇಲ್ಲೇ ಇರಲಿ, ದಿನಾ ಸಂಜೆ ಐದಕ್ಕೆ ಬಂದು ಇಲ್ಲೇ ಪಳಗಿಸಿ ಎಂದ ಅವನು. ಅಷ್ಟರಲ್ಲಿ ಸಾಹೇಬ ಗುಂಡಿಯನ್ನು ಕಪಾಟಿನ ಹಿಂದಕ್ಕೆ ಬೀಳಿಸಿಯಾಗಿತ್ತು. ಹುಡುಕಿ ನಾಳೆ ಕೊಡುತ್ತೇನೆ ಎಂದೂ ಹೇಳಿದ.

ಆ ನಾಳೆ ಮೂರು ತಿಂಗಳಾದರೂ ಬರಲಿಲ್ಲ. ಅವಳು ಕೋಟಿಗೆ ಪಿನ್ನು ಹಾಕಿಕೊಂಡೇ ಓಡಾಡಿದಳು. ಆದರೆ ಐದು ಗಂಟೆ ಮಾತ್ರ ಒಂದು ದಿನವೂ ತಪ್ಪಲಿಲ್ಲ.

ಅವನು ಎಲ್ಲಿಂದಲೋ ಒಂದು ಹಳೇ ಗಾಲಿಕುರ್ಚಿ ತಂದಿದ್ದ. ರೋಗಿಯ ಹಾಗೆ ತಾನೇ ಕೂರುತ್ತಿದ್ದ, ಸಾಹೇಬನನ್ನು ತೋಳ ಮೇಲೆ ಕೂರಿಸಿಕೊಳ್ಳುತ್ತಿದ್ದ, ಅವಳು ವರಾಂಡದ ಉದ್ದಕ್ಕೂ ತಳ್ಳಬೇಕು. ದೊಡ್ಡ ಸದ್ದಿಗೆ ಹೆದರಬಾರದೆಂದು ನಡುನಡುವೆ ಸ್ಟೀಲ್ ತಟ್ಟೆ ಬೀಳಿಸಬೇಕು. ತಟ್ಟೆ ಬಿದ್ದಾಗಲೆಲ್ಲ ಸಾಹೇಬ ಕದಲುತ್ತಿರಲಿಲ್ಲ, ಗಿಳಿಯಪ್ಪ ಬೆಚ್ಚಿಬೀಳುತ್ತಿದ್ದ. ಅವಳು ನಗುತ್ತಿದ್ದಳು, ಅವನು ಕಿವಿ ಕೆಂಪಾಗಿಸಿಕೊಂಡು ಪುಸ್ತಕ ಬರೆಯುತ್ತಿದ್ದ.

ಅಲ್ಲಿ ಪ್ರತಿ ಗಿಳಿಗೂ ಒಂದು ದಿನಚರಿ ಪುಸ್ತಕ. ತೂಕ ಎಷ್ಟು, ಏನು ತಿಂದಿತು, ಎತ್ತ ನೋಡಿತು... ಎಲ್ಲ ಬರೆಯಬೇಕು. ಕಂಡದ್ದು ಮಾತ್ರ ಬರೆಯಬೇಕು, ಅನಿಸಿದ್ದು ಬರೆಯಬಾರದು ಎಂಬುದು ಅವನ ನಿಯಮ. ಮಾತೂ ಹಾಗೇ. ‘ಇವತ್ತು ನೀವು ಹತ್ತು ನಿಮಿಷ ತಡ,’ ಎನ್ನುತ್ತಿದ್ದನೇ ಹೊರತು ಅದರಿಂದ ತನಗೆ ಏನಾಯಿತೆಂದು ಬಾಯಿ ಬಿಡುತ್ತಿರಲಿಲ್ಲ.

ಮನಸ್ಸು ಕಳೆದುಹೋಗುತ್ತದೆ ಎಂದಿದ್ದೆನಲ್ಲ, ಅದು ಈ ಮೂರು ತಿಂಗಳಲ್ಲಿ ಆಯಿತು. ತೊಂದರೆಯೆಂದರೆ ಸಾಹೇಬನಿಗೂ ಆಯಿತು.

ಅವಳ ಅಂಗೈಯಲ್ಲಿ ಅವನು ಅರೆಬರೆ ಜೀರ್ಣವಾದ ಕಾಳನ್ನು ಕಕ್ಕಿ ಕೊಡತೊಡಗಿದ. ಗಿಳಿಗಳ ಲೋಕದಲ್ಲಿ ಅದಕ್ಕಿಂತ ದೊಡ್ಡ ಪ್ರೇಮಪತ್ರವಿಲ್ಲ. ಅವಳ ಹತ್ತಿರ ಬಂದವರನ್ನೆಲ್ಲ ಕಚ್ಚಿದ. ಗಿಳಿಯಪ್ಪನಿಗೆ ಮೂರು ಕಡೆ, ಅವನ ದೊಡ್ಡಮ್ಮನಿಗೆ ಹೆಬ್ಬೆರಳಿಗೆ. ದೊಡ್ಡಮ್ಮ ನಿವೃತ್ತ ಹೆಡ್ಮಿಸ್ಸು, ಮೂರು ಬೀದಿ ಆಚೆ ಮನೆ. ಬ್ಯಾಂಡೇಜು ಸುತ್ತಿಕೊಳ್ಳುತ್ತಲೇ ತೀರ್ಪು ಕೊಟ್ಟರು: “ಇದು ಈಕೆಗೆ ಮರುಳಾಗಿದೆ ಕಣೋ. ಪರೀಕ್ಷೇಲಿ ಗೋತಾ.”

ಪರೀಕ್ಷೆಗೆ ಐದು ವಾರವಿತ್ತು. ಮರುದಿನ ಸಂಜೆ ಗಿಳಿಯಪ್ಪ ಗೇಟಿನಲ್ಲೇ ನಿಂತಿದ್ದ.

“ಪರೀಕ್ಷೆವರೆಗೂ ನೀವು ಇಲ್ಲಿಗೆ ಬರಬೇಡಿ.”

ಕಾರಣ ಅವಳಿಗೂ ಗೊತ್ತಿತ್ತು. ಸಾಹೇಬ ನಾಲ್ಕು ಜನರ ಕೈಗೆ ಹೋಗಬೇಕು, ತಾತ ಬಾಯಿ ತೆರೆಯಬೇಕು. ಅದೆಲ್ಲ ಸರಿ. ಆದರೆ ಹೇಳುವಾಗ ಅವನ ಮುಖ ಗೋಡೆಯ ಹಾಗಿತ್ತು. ಒಂದು ಸಲ... ಒಂದೇ ಒಂದು ಸಲ ‘ನನಗೂ ಬೇಜಾರು’ ಅಂದಿದ್ದರೆ ಗಂಟೇನು ಹೋಗುತ್ತಿತ್ತು?

‘ಇವನಿಗೆ ಬೇಕಾಗಿದ್ದು ಗಾಲಿಕುರ್ಚಿ ತಳ್ಳೋ ಆಳು. ನಾನೇ ಏನೇನೋ ಅಂದುಕೊಂಡೆ,’ ಎಂದು ಅವಳು ದಾರಿಯುದ್ದಕ್ಕೂ ಕಣ್ಣೊರೆಸಿಕೊಂಡಳು.

ಸಾಹೇಬ ಹೇಗಿದ್ದಾನೆ ಎಂದು ಮೆಸೇಜು ಮಾಡಿದರೆ, ‘ನಾನೂರ ಹತ್ತು ಗ್ರಾಂ’ ಎಂದು ಉತ್ತರ. ಎರಡು ದಿನ ಬಿಟ್ಟು ಕೇಳಿದರೆ, ‘ನಾನೂರ ಹನ್ನೆರಡು.’ ಕೊನೆಯ ಎರಡು ವಾರ ಅದೂ ಇಲ್ಲ. ‘ಅಭ್ಯಾಸಕ್ಕೆ ದೊಡ್ಡಮ್ಮನ ಮನೆಗೆ ಕಳಿಸಿದ್ದೇನೆ. ಅವರನ್ನೇ ಕೇಳಿ.’ ಅವಳು ಫೋನನ್ನು ಹಾಸಿಗೆಯ ಮೇಲೆ ಎಸೆದಳು. ಪರೀಕ್ಷೆ ಮುಗಿದ ಮೇಲೆ ವಾರ್ಡಿನಲ್ಲಿ ಸಾಹೇಬನ ಜೊತೆಗಿನ ಪಾಠಕ್ಕೆ ಬೇರೆ ಟೀಚರನ್ನು ಹಾಕಿಸುವುದು, ಆ ಮನೆಯ ಗೇಟು ಮುಟ್ಟದಿರುವುದು ಎಂದು ತೀರ್ಮಾನಿಸಿ, ಆ ತೀರ್ಮಾನಕ್ಕಾಗಿ ಮತ್ತೊಂದಿಷ್ಟು ಅತ್ತಳು.

ಪರೀಕ್ಷೆಯ ದಿನ ವಾರ್ಡಿನ ಮಧ್ಯೆ ಟೈಲರ್ ತಾತನ ಗಾಲಿಕುರ್ಚಿ. ಎದುರಿಗೆ ಡಾಕ್ಟರಮ್ಮ, ಪಕ್ಕದಲ್ಲಿ ದೊಡ್ಡಮ್ಮ. ನಿಯಮದಂತೆ ಅವಳು ಕಿಟಕಿಯ ಹತ್ತಿರ ಎಲ್ಲರಿಗೂ ಕಾಣುವಂತೆ ನಿಂತಳು. ಸಾಹೇಬ ಅವಳ ಕಡೆ ಓಡಿದರೆ ಕಥೆ ಮುಗಿಯಿತು.

ಗಿಳಿಯಪ್ಪ ಬುಟ್ಟಿ ತೆರೆದ. ಬಡವಾಗಿದ್ದ. ಅಂಗಿ ಭುಜದಿಂದ ಜೋತುಬಿದ್ದಿತ್ತು. ‘ನನಗೇನು,’ ಎಂದುಕೊಂಡು ಅವಳು ಮತ್ತೆ ನೋಡಿದಳು.

ಸಾಹೇಬನಿಗೆ ಅವಳು ಕಂಡಳು. ಕುತ್ತಿಗೆಯ ಗರಿಗಳೆಲ್ಲ ನಿಮಿರಿದವು. ಒಂದು ಹೆಜ್ಜೆ ಅವಳ ಕಡೆ ಇಟ್ಟ...

‘ಬೇಡ ಕಣೋ ನನ್ನಪ್ಪ. ಅಲ್ಲೇ ಇರು.’

ಸಾಹೇಬ ನಿಂತ, ತಲೆ ಓರೆ ಮಾಡಿ ಯೋಚಿಸಿದ. ಆಮೇಲೆ ತಿರುಗಿ, ಎದೆಯುಬ್ಬಿಸಿ ನಡೆದು, ತಾತನ ತೋಳು ಹತ್ತಿ ಕೂತ. ನರ್ಸಮ್ಮ ಸ್ಟೀಲ್ ತಟ್ಟೆ ಬೀಳಿಸಿದರು. ಗಿಳಿಯಪ್ಪ ಬೆಚ್ಚಿದ. ಸಾಹೇಬ ಮಾತ್ರ ಡಾಕ್ಟರಮ್ಮನ ಕಡೆ ನೋಡಿ, ದೊಡ್ಡಮ್ಮನದೇ ದನಿಯಲ್ಲಿ “ಕೈ ಕಟ್ಟಿ ಕೂತ್ಕೋ” ಎಂದ. ಎರಡು ವಾರದ ವಿದ್ಯಾಭ್ಯಾಸ. ಡಾಕ್ಟರಮ್ಮ ತಮಗೇ ತಿಳಿಯದ ಹಾಗೆ ಕೈ ಕಟ್ಟಿದರು.

ನಂತರ ಅವನು ತಾತನ ಅಂಗಿಯ ಗುಂಡಿಯನ್ನು ಕೊಕ್ಕಿನಿಂದ ಮೆಲ್ಲನೆ ಮುಟ್ಟಿ, ತನ್ನ ಹಳೆಯ ಮಾತಿಗೆ ಬಂದ.

“ನಾಳೆ ಬನ್ನಿ.”

ತಾತನ ಭುಜ ಅಲುಗಿತು. ಅಳುತ್ತಿದ್ದಾರೇನೋ ಎಂದು ಅವಳು ಎರಡು ಹೆಜ್ಜೆ ಮುಂದೆ ಬಂದಳು. ಅಳುವಲ್ಲ, ನಗು. ನಲವತ್ತು ವರ್ಷ ಇದೇ ಮಾತನ್ನು ತಾವೂ ಗಿರಾಕಿಗಳಿಗೆ ಹೇಳಿಕೊಂಡು ಬಂದವರು ಅವರು. ಈಗ ಆ ಮಾತಿಗೆ ಅಂಟಿಕೊಂಡಿದ್ದ ಇನ್ನೊಂದು ಮಾತು, ಸೊಟ್ಟಗೆ, ನಿಧಾನಕ್ಕೆ, ತಾನಾಗಿ ಹೊರಬಂತು.

“ಗುಂಡಿ... ಒಂದು... ಬಾಕಿ.”

ಮೊದಲು ಸುಧಾರಿಸಿಕೊಂಡವರು ಡಾಕ್ಟರಮ್ಮ. ಎರಡು ವರ್ಷದ ಹಿಂದೆ ಹೊಲಿಯಲು ಕೊಟ್ಟ ತಮ್ಮ ಕೋಟೂ ಇವರ ಅಂಗಡಿಯಲ್ಲೇ ಇದೆ, ಇದೇ ಉತ್ತರ ಕೇಳಿ ಕೇಳಿ ಸಾಕಾಗಿದೆ ಎಂದರು. ತಾತ ಇನ್ನಷ್ಟು ನಕ್ಕರು. ಅವಳು ಕಿಟಕಿಯ ಕಡೆ ತಿರುಗಿ ಕಣ್ಣೀರು ಹರಿಯಲು ಬಿಟ್ಟಳು.

ಸಹಿ ಹಾಕಲು ಡಾಕ್ಟರಮ್ಮ ಸಾಹೇಬನ ದಿನಚರಿ ಕೇಳಿದರು. ಗಿಳಿಯಪ್ಪ ಚೀಲವನ್ನು ಎದೆಗೆ ಅವಚಿಕೊಂಡು, ಕೊನೆಯ ಹಾಳೆಗಳು ಅಷ್ಟು ಮುಖ್ಯವಲ್ಲ ಎಂದು ತೊದಲಿದ. ದೊಡ್ಡಮ್ಮ ಚೀಲಕ್ಕೇ ಕೈಹಾಕಿ ಪುಸ್ತಕ ತೆಗೆದು ಕೊಟ್ಟರು. ಪುಟ ತಿರುವುತ್ತಿದ್ದ ಡಾಕ್ಟರಮ್ಮ ಒಂದು ಕಡೆ ನಿಂತರು.

“ನಾನೂರು ಗ್ರಾಂ ಹಕ್ಕಿ ಎರಡು ಕಿಲೋ ಇಳಿಯೋದು ಹೇಗ್ರೀ?”

ಗಿಳಿಯಪ್ಪ ಪುಸ್ತಕಕ್ಕೆ ಕೈ ಚಾಚಿದ.

ಡಾಕ್ಟರಮ್ಮ ಹಿಂದಿನ ಸಾಲುಗಳನ್ನು ಗಟ್ಟಿಯಾಗಿ ಓದಿದರು. ‘ಸಂಜೆ ಐದು: ಗೇಟಿನ ಕಡೆ ನೋಟ. ಐದೂವರೆ: ಮತ್ತೆ ಗೇಟಿನ ಕಡೆ. ಊಟ ಅರ್ಧ. ಮಾತಿಲ್ಲ.’ ಮರುದಿನ: ‘ಐದು: ಗಾಲಿಕುರ್ಚಿಯಲ್ಲಿ ಸುಮ್ಮನೆ ಕೂತದ್ದು. ತಳ್ಳುವವರಿಲ್ಲ.’ ಹೀಗೆ ಹದಿನಾಲ್ಕು ದಿನ.

ದೊಡ್ಡಮ್ಮ ತಾರೀಖು ನೋಡಿ ಕನ್ನಡಕ ಸರಿಮಾಡಿಕೊಂಡರು. “ಆ ಎರಡು ವಾರ ಗಿಳಿ ನಮ್ಮನೇಲಿತ್ತಲ್ಲೋ. ಇದು ಯಾರದು?”

ಡಾಕ್ಟರಮ್ಮನಿಗೆ ಅರ್ಥವಾಯಿತು. ಸಹಿ ಹಾಕಿ, ಪುಸ್ತಕವನ್ನು ಅವಳ ಕೈಗಿತ್ತರು. ಮಾತು ನಿಂತವರ ವಿಷಯ ನಿಮ್ಮ ವಿಭಾಗಕ್ಕೆ ಸೇರಿದ್ದು, ಹೊರಗೆ ಕರೆದುಕೊಂಡು ಹೋಗಿ ನೋಡಿ ಎಂದರು.

ಹೊರಗಿನ ಕಾರಿಡಾರಿನಲ್ಲಿ ಇಬ್ಬರೇ ನಿಂತರು. ಅವಳು ಪುಸ್ತಕವನ್ನು ಆ ಪುಟಕ್ಕೇ ತೆರೆದು ಹಿಡಿದಳು.

“ಬೇಕಂತ ಬರೆದಿದ್ದಲ್ಲ,” ಎಂದ ಅವನು. “ಐದು ಗಂಟೆಗೆ ಪುಸ್ತಕ ತೆಗೆಯೋ ಅಭ್ಯಾಸ. ಸಾಹೇಬ ಇರಲಿಲ್ಲ. ಉಳಿದ ಗಿಳಿಗಳಿಗೆ ಬೇರೆ ಪುಸ್ತಕ ಇದೆ. ಕಂಡದ್ದು ಬರೆದೆ, ಅಷ್ಟೇ.”

“ಅನಿಸಿದ್ದು ಹೇಳಿ.”

ಅವನು ಬಾಯಿ ತೆರೆದ, ಮುಚ್ಚಿದ. ಮತ್ತೆ ತೆರೆದ. ವಾರ್ಡಿನಲ್ಲಿ ದಿನಾ ಹೇಳುವ ಮಾತು ಅವಳ ಬಾಯಿಗೆ ತಾನಾಗಿ ಬಂತು. “ಅವಸರ ಇಲ್ಲ. ಒಂದೊಂದೇ ಪದ.”

“ನೀವು... ಬರದೇ ಇದ್ರೆ... ಆ ಮನೇಲಿ ನನಗೆ ಇರೋಕಾಗ್ತಿಲ್ಲ. ನೀವಂದ್ರೆ ನನಗೆ ಇಷ್ಟ. ಬರಬೇಡಿ ಅಂದ ದಿನಾನೇ ಹೇಳಬೇಕಿತ್ತು. ಹೇಳಿದ್ರೆ ಗೇಟು ಹಾಕೋಕೆ ಕೈ ಬರ್ತಿರಲಿಲ್ಲ.”

ಚೆನ್ನಾಗಿ ಹೇಳಿದಿರಿ ಎನ್ನಬೇಕೆಂದಿದ್ದಳು ಮಾತಿನ ಟೀಚರು. ಅಷ್ಟರಲ್ಲಿ ಐದು ವಾರದ ಸಿಟ್ಟೆಲ್ಲ ಕರಗಿ ಕಣ್ಣಿಗೆ ಬಂತು.

ಅವನು ಜೇಬಿನಿಂದ ಏನನ್ನೋ ತೆಗೆದು ಅವಳ ಅಂಗೈಯಲ್ಲಿಟ್ಟ. ಬಿಳಿ ಗುಂಡಿ, ಅಂಚಿನಲ್ಲಿ ಕೊಕ್ಕಿನ ಗುರುತು.

“ಯಾವಾಗ ಸಿಕ್ತು?”

“ಮೊದಲನೇ ದಿನಾನೇ.”

“ಮತ್ತೆ ದಿನಾ ನಾಳೆ, ನಾಳೆ ಅಂತಿದ್ರಿ?”

“ಕೊಟ್ಟುಬಿಟ್ರೆ ನಾಳೆ ಅನ್ನೋಕೆ ಏನೂ ಉಳಿಯಲ್ವಲ್ಲ.”

ಒಳಗಿನಿಂದ “ನಾಳೆ ಬನ್ನಿ” ಎಂಬುದು ಕೇಳಿಸಿತು. ಈ ಸಲ ಅದು ಸೊಟ್ಟಗಿತ್ತು. ಅವಳು ಅಳುತ್ತಲೇ ನಕ್ಕು, ಅವನ ಚೀಲದಿಂದ ಇಣುಕುತ್ತಿದ್ದ ಹಳೆಯ ದತ್ತು ಅರ್ಜಿಯನ್ನು ಎಳೆದುಕೊಂಡಳು. ಮೊದಲ ಗೆರೆಯಲ್ಲಿ ಅವಳ ಅಕ್ಷರ ಹಾಗೇ ಇತ್ತು. ಎರಡನೆಯ ಗೆರೆಯ ಮೇಲೆ ಬೆರಳಿಟ್ಟು ಅವನ ಮುಂದೆ ಹಿಡಿದಳು.

ಅವನು ಪೆನ್ನು ತೆಗೆದ, ಆದರೆ ಬರೆಯಲಿಲ್ಲ. ನಿಯಮದ ಮನುಷ್ಯ, ಏನು ಮಾಡುವುದು. ಪೆನ್ನನ್ನು ತನ್ನ ಎದೆಯ ಕಡೆಗೇ ತಿರುಗಿಸಿದ.

“ನೋಡಿ... ಇದು ಒಬ್ಬರನ್ನೇ ಹಚ್ಚಿಕೊಂಡಿರೋ ಪ್ರಾಣಿ. ವಾರ್ಡಿಗೆ ಆಗಲ್ಲ.”

“ಮನೆಗೆ ಆಗುತ್ತೆ. ಬರೀರಿ.”