ಮುಟ್ಟಾಳೆ ತೊಟ್ಟ ಹೂಟೆಗಾರ

2025ರ ಫೆಬ್ರವರಿ 14, ಶುಕ್ರವಾರ. ಸಂಜೆ ಐದು ಗಂಟೆ ಹತ್ತು ನಿಮಿಷಕ್ಕೆ ಥಾಣೆಯ ವರ್ತಕ ನಗರದಲ್ಲಿ ಸಸ್ಯಾಹಾರಿ ಹೋಟೆಲು ನಡೆಸುವ ಉಡುಪಿಯ ಪುಂಡರೀಕಾಕ್ಷ ಪೊಲೀಸ್ ಸ್ಟೇಷನ್ನಿಗೆ ಬಂದರು. ಇನ್‌ಸ್ಪೆಕ್ಟರ್ ಯಶ್ವಂತ್ ಮರಾಠಿಯವರು. ದೂರು ಬರೆದುಕೊಂಡದ್ದು ಕನ್ನಡ ಬಲ್ಲ ಅಕ್ಕಲಕೋಟೆಯ ಹವಾಲ್ದಾರ್ ಶಂಕ್ರೆಪ್ಪ.

"ಗೋಡೆಯ ಪೇಂಟಿಂಗ್ ಹೋಗಿದೆ. ಮೂರಕ್ಕೆ ಹೋಟೆಲ್ ಮುಚ್ಚಿ ನಾಲ್ಕೂವರೆಗೆ ತೆಗೆದದ್ದು."

"ಯಾರ ಚಿತ್ರರೀ?"

"ಊರಿನ ಯಾರೋ ಗದ್ದೆ ಉಳುವ ಹೂಟೆಯವ. ತಲೆಗೆ ಅಡಿಕೆ ಹಾಳೆಯ ಮುಟ್ಟಾಳೆ, ಎದೆಯಲ್ಲೆಲ್ಲ ಕೆಸರು. ನಲವತ್ತು ವರ್ಷದ ಹಿಂದೆ ಗದ್ದೆಯಲ್ಲೇ ನಿಲ್ಲಿಸಿ ಬರೆದದ್ದಂತೆ. ನೋಡಿದರೆ ನಮ್ಮ ಗದ್ದೆಯ ವಾಸನೆ ಬಂದ ಹಾಗಾಗ್ತಿತ್ತು ಮಾರಾಯ್ರೆ." ಅವರು ಮೊಬೈಲಿನಲ್ಲಿದ್ದ ಫೋಟೊ ತೋರಿಸಿದರು.

ಎಫ್‌ಐಆರ್ ದಾಖಲಾಯಿತು. ಸ್ಥಳ ಪಂಚನಾಮೆಯಲ್ಲಿ ಬೀಗ ಒಡೆದ ಗುರುತಿರಲಿಲ್ಲ. ಇನ್ನೊಂದು ಕೀಲಿ ಇದ್ದದ್ದು ಅರವತ್ತಮೂರು ವರ್ಷದ ವಾಚ್‌ಮನ್ ಚನಿಯನ ಬಳಿ. ಯಾರನ್ನೂ ಕಾಣಲಿಲ್ಲ ಎಂದ.

ಶನಿವಾರ ಬೆಳಿಗ್ಗೆ ಹತ್ತಕ್ಕೆ ಅವನನ್ನು ಮತ್ತೆ ಕರೆಸಿದರು. ಚನಿಯ ಟೋಪಿ ತೆಗೆದು ಕೂತ. ಶಂಕ್ರೆಪ್ಪ ಅವನ ಎಡಗಿವಿಯನ್ನು ನೋಡಿ, ಫೋಟೊ ನೋಡಿದ. ಎರಡರಲ್ಲೂ ಕಿವಿಯ ತುದಿ ಸೀಳಿತ್ತು.

"ಕಿವಿಗೆ ಏನಾತು ಯಜಮಾನ?"

"ಕೋಣದ ಕೊಂಬು ತಾಗಿದ್ದು."

"ಚಿತ್ರದಾಗಿರಾಂವ ನೀನ ಏನು?"

"ಹೌದು."

"ಮಾಲಕರಿಗೆ ಹೇಳಿಲ್ಲ?"

"ಎಂಟು ವರ್ಷದಿಂದ ಅಲ್ಲೇ ಇದ್ದೇನೆ. ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ."

ಹನ್ನೊಂದು ನಲವತ್ತಕ್ಕೆ ಯಶ್ವಂತ್ ಮತ್ತು ಶಂಕ್ರೆಪ್ಪ ಪಂಚರೊಂದಿಗೆ ಚನಿಯನನ್ನೂ ಕರೆದುಕೊಂಡು ಅವನ ಮನೆಯಿದ್ದ ಐರೋಲಿಯ ಚಾಳಿಗೆ ಹೋದರು. ಚಿತ್ರವನ್ನು ಮಂಚದೆದುರು ಗೋಡೆಗೆ ಒರಗಿಸಿತ್ತು. ಮಂಚದಲ್ಲಿ ಚನಿಯನ ಹೆಂಡತಿ ಅಪ್ಪಿ ಕೂತಿದ್ದಳು. ಎರಡು ವರ್ಷದಿಂದ ಅವಳಿಗೆ ನೆನಪಿಲ್ಲ, ಒಂದು ತಿಂಗಳಿನಿಂದ ಗಂಡನನ್ನು ಪರಕೀಯನೆಂದು ಹತ್ತಿರ ಸೇರಿಸುತ್ತಿಲ್ಲ, ಅವನ ಕೈಯಿಂದ ತುತ್ತೂ ತಿನ್ನುತ್ತಿಲ್ಲ ಎಂದು ನೆರೆಮನೆಯ ಅಶ್ಮಿತಾ ಹೇಳಿದಳು.

ಶಂಕ್ರೆಪ್ಪ ಚಿತ್ರ ಎತ್ತಲು ಬಾಗಿದಾಗ ಅಪ್ಪಿ ಚೌಕಟ್ಟು ಹಿಡಿದುಕೊಂಡು ತುಳುವಿನಲ್ಲಿ ಏನೋ ಅಂದಳು.

"ಏನಂತಾಳ?"

ಚನಿಯ ನೆಲ ನೋಡುತ್ತ ಹೇಳಿದ: "ಅವರು ಗಂಜಿ ಉಂಡು ಹೋಗಲಿ ಅಂತಾಳೆ. ಬೆಳಿಗ್ಗೆಯಿಂದ ಗದ್ದೆಯಲ್ಲೇ ಇದ್ದಾರಂತೆ."

ಶಂಕ್ರೆಪ್ಪ ಅದನ್ನು ಮರಾಠಿಯಲ್ಲಿ ತಿಳಿಸಿದ. ಯಶ್ವಂತ್ ಹೊಸ್ತಿಲಲ್ಲಿ ಕೂತರು. ಚನಿಯ ಚಿತ್ರದ ಪಕ್ಕದಲ್ಲಿ ಕುಕ್ಕುರುಗಾಲಿನಲ್ಲಿ ಕೂತು ಅವಳಿಗೆ ಗಂಜಿ ಉಣಿಸಿದ. ಅಪ್ಪಿ ಚಿತ್ರವನ್ನೇ ನೋಡುತ್ತ, ನಾಚುತ್ತ, ಬಟ್ಟಲು ಖಾಲಿ ಮಾಡಿದಳು.

ಆಮೇಲೆ ಜಪ್ತಿ ಪಂಚನಾಮೆ ಮುಗಿಸಿ, ಹನ್ನೆರಡೂವರೆಗೆ ಚನಿಯನನ್ನು ಬಂಧಿಸಿದರು. ಕಳವಿಗೆ ಕಾರಣ ಕೇಳಿದ್ದಕ್ಕೆ ಅವನು ಬರೆಸಿದ್ದು ಇಷ್ಟು: "ಅವಳು ನನ್ನನ್ನು ಕಾಯುತ್ತಿದ್ದಳು. ನಾನು ಎಲ್ಲಿದ್ದೇನೆ ಅಂತ ನನಗೆ ಗೊತ್ತಿತ್ತು. ಮನೆಗೆ ಕರೆದುಕೊಂಡು ಬಂದೆ."