ಕಿವಿ ಇಟ್ಟವನ ಮನೆಗೆ

"ದೂರ ನಿಂತು ಕೇಳಪ್ಪ. ಇಂಜಿನ್‌ಗೆ ಕಿವಿ ಮಾತ್ರ ಇಡಬೇಡ."

ಬಾನೆಟ್ ಎತ್ತಿ ಕಡ್ಡಿ ಊರಿ ನಿಲ್ಲಿಸುತ್ತಿದ್ದವನು ತಿರುಗಿ ನೋಡಿದ. ಗಾಡಿ ಮಾರಲಿಕ್ಕೆ ಇಟ್ಟಿದ್ದ ಅಜ್ಜಿ ಶೆಡ್ಡಿನ ಬಾಗಿಲಾಚೆಯೇ ನಿಂತಿದ್ದಳು. ಒಳಗೆ ಕಾಲಿಡಲು ಅವಳಿಗೆ ಮನಸ್ಸಿರಲಿಲ್ಲ. ಶಾಲಿನ ತುದಿಯನ್ನು ಬಾಯಿಗೆ ಒತ್ತಿ ಹಿಡಿದಿದ್ದಳು. ಧೂಳಿಗಿರಬೇಕು ಅಂದುಕೊಂಡ ಅವನು.

ಈ ಊರಿಗೆ ಅವನು ಹೊಸಬ. ಹಳೇ ಗಾಡಿ ಕೊಳ್ಳುವವರು ಅವನನ್ನು ಜೊತೆಗೆ ಕರೆದುಕೊಂಡು ಹೋಗುತ್ತಿದ್ದರು, ಅವನು ಹೂಂ ಅಂದರೆ ಕೊಳ್ಳುತ್ತಿದ್ದರು, ಉಹೂಂ ಅಂದರೆ ಎದ್ದು ಬರುತ್ತಿದ್ದರು. ಬಂದ ಸ್ವಲ್ಪ ದಿನಕ್ಕೇ 'ಇಂಜಿನ್ ಡಾಕ್ಟರು' ಅಂತ ಹೆಸರು ಬಿದ್ದಿತ್ತು. ಹೆಸರಿನ ಜೊತೆ ಗತ್ತೂ ಬಂದಿತ್ತು ಅನ್ನಿ. ಯಾವ ಕಂಪನಿಯ ಯಾವ ಗಾಡಿಯಲ್ಲಿ ಯಾವ ಪಾರ್ಟ್ ಹುಟ್ಟಿನಿಂದಲೇ ಖೊಟ್ಟಿ ಅನ್ನುವುದೆಲ್ಲ ಅವನಿಗೆ ನಾಲಿಗೆ ತುದಿಯಲ್ಲಿತ್ತು. ಇವತ್ತು ಬಂದದ್ದು ಮಾತ್ರ ಯಾರದೋ ಸಲುವಾಗಿ ಅಲ್ಲ, ತನಗಾಗಿ. ಎತ್ತರದ ಗಾಡಿ ತರುತ್ತೇನೆ, ಕಿಟಕಿಯಿಂದ ರಸ್ತೆಯೆಲ್ಲ ಕಾಣುವ ಗಾಡಿ, ಅಂತ ಮಗಳಿಗೆ ಮಾತು ಕೊಟ್ಟಿದ್ದ.

ಈ ಎಸ್‌ಯುವಿಯ ಕಾಯಿಲೆ ಅವನಿಗೆ ಬಾಯಿಪಾಠ. ಇಂಜಿನ್ನಿನ ಮುಂಭಾಗದಲ್ಲಿ, ಮುಚ್ಚಳದ ಹಿಂದೆ, ಒಂದು ಚೈನು ಓಡುತ್ತದೆ. ಆ ಚೈನು ಸಡಿಲವಾಗದಂತೆ ಒತ್ತಿ ಹಿಡಿಯುವುದು ಟೆನ್ಷನರ್ ಎನ್ನುವ ಹೆಬ್ಬೆರಳಿನಷ್ಟು ಪಾರ್ಟು. ಈ ಮಾಡೆಲ್ಲಿನಲ್ಲಿ ಅದೇ ಖೊಟ್ಟಿ. ರಾತ್ರಿಯೆಲ್ಲ ತಣ್ಣಗಿದ್ದ ಇಂಜಿನ್ನನ್ನು ಬೆಳಿಗ್ಗೆ ಶುರು ಮಾಡಿದರೆ ಆಯಿಲ್ ಮೇಲೇರುವ ತನಕ ಚೈನು ಕಟಕಟ ಅನ್ನುತ್ತದೆ, ಆಮೇಲೆ ಏನೂ ಆಗಿಲ್ಲವೆನ್ನುವ ಹಾಗೆ ಸುಮ್ಮನಾಗುತ್ತದೆ. ಸುಮ್ಮನಾಯಿತಲ್ಲ ಅಂತ ಓಡಿಸುತ್ತ ಹೋದರೆ ಒಂದು ದಿನ ಚೈನು ಕಡಿಯುತ್ತದೆ, ಇಂಜಿನ್ ಗುಜರಿಗೆ. ಮಾರುವ ಜಾಣರು ಗಿರಾಕಿ ಬರುವ ಮೊದಲೇ ಇಂಜಿನ್ ಬಿಸಿ ಮಾಡಿಟ್ಟಿರುತ್ತಾರೆ. ಅದಕ್ಕೇ ಅವನು ಮೊದಲು ಅಂಗೈಯಿಟ್ಟು ನೋಡಿದ. ಇಂಜಿನ್ ಹಾವಿನ ಮೈಯಂತೆ ತಣ್ಣಗಿತ್ತು.

"ಅಜ್ಜಿ, ಕಿವಿ ಇಡದೆ ಗಾಡಿ ತಗೊಳ್ಳೋದು ಮುಖ ನೋಡದೆ ಮದುವೆ ಆದ ಹಾಗೆ," ಎಂದು ನಕ್ಕ. "ಒಳಗೆ ದೆವ್ವ ಗಿವ್ವ ಇದ್ರೆ ಹೇಳಿಬಿಡಿ, ಅದಕ್ಕೂ ಸೇರಿಸಿ ಚೌಕಾಸಿ ಮಾಡೋಣ."

ಅಜ್ಜಿ ನಗಲಿಲ್ಲ. ಮನೆಯಲ್ಲಿ ಯಾರ್ಯಾರಿದ್ದಾರೆ ಅಂತ ಕೇಳಿದಳು. ಹೆಂಡತಿ, ಮಗಳು ಅಂದ. ಅವಳು ಕಣ್ಣು ಮುಚ್ಚಿಕೊಂಡಳು. "ಬೇಡ ಅಂತ ಹೇಳಿದ್ದೀನಿ ನೋಡು," ಎಂದು ಇನ್ನೊಮ್ಮೆ ಹೇಳಿ, ಹಿಂದಿನ ಸೀಟಿನ ಹೊಲಿಗೆಯ ಬಗ್ಗೆ ಮಾತಿಗೆ ತೊಡಗಿದಳು.

ಅವನು ಕೀಲಿ ತಿರುಗಿಸಿ ಓಡಿಬಂದು, ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿನ ಮುಚ್ಚಳಕ್ಕೆ ಒತ್ತಿ ಹಿಡಿಯನ್ನು ಕಿವಿಗೆ ಆನಿಸಿದ. ಡಾಕ್ಟರ ಕೊಳವೆಯಂತೆ ಅದು ಒಳಗಿನ ಸದ್ದನ್ನು ನೇರ ತಲೆಗೆ ತಲುಪಿಸುತ್ತದೆ. ಕಟಕಟಕಟಕಟ. ಸಿಕ್ಕಿಬಿದ್ದೆಯಾ ಮಗನೇ, ಅಂದುಕೊಂಡ. ಆಯಿಲ್ ಏರಿತು, ಸದ್ದು ನಿಂತಿತು. ಆದರೆ ನಿಂತ ಸದ್ದಿನ ಅಡಿಯಿಂದ ಮತ್ತೇನೋ ಕೇಳಿಸಿತು. ಯಾರೋ ಕಬ್ಬಿಣದ ಆ ಕಡೆಯಿಂದ ಕಿವಿಗೆ ಬಾಯಿ ಹಚ್ಚಿ ಉದ್ದಕ್ಕೆ ಉಸಿರೆಳೆದುಕೊಂಡ ಹಾಗೆ. ಜೊತೆಗೆ ಕೂದಲು ಸುಟ್ಟ ವಾಸನೆ. ಅವನು ಥಟ್ಟನೆ ತಲೆ ಎತ್ತಿದ. ಬೆಲ್ಟು ಉಜ್ಜುತ್ತಿರಬೇಕು ಅಂತ ತನಗೆ ತಾನೇ ಹೇಳಿಕೊಂಡ.

ಅದೇ ಹೊತ್ತಿಗೆ ಮನೆಯ ಕಿಟಕಿಯೊಳಗಿಂದ ಹೆಂಗಸೊಬ್ಬಳು ಬಿಕ್ಕಿ ಬಿಕ್ಕಿ ಅತ್ತದ್ದು ಕೇಳಿಸಿತು. ಸೊಸೆಗೆ ಬಹಳ ದಿನದಿಂದ ಹುಷಾರಿರಲಿಲ್ಲ ಅಂದಳು ಅಜ್ಜಿ. ಬೆಲೆಯ ಮಾತಿಗೆ ಬಂದಾಗ ಅವನು ಹೇಳಿದ್ದಕ್ಕೆ ಒಂದೇ ಏಟಿಗೆ ಒಪ್ಪಿಬಿಟ್ಟಳು. ಅವನಿಗೆ ತನ್ನ ಜಾಣತನದ ಮೇಲೆ ಎಲ್ಲಿಲ್ಲದ ಹೆಮ್ಮೆ.

ರಜೆಯ ದಿನ ಮನೆಯ ಮುಂದೆ ಗಾಡಿ ನಿಲ್ಲಿಸಿ, ಟೆನ್ಷನರ್ ಬದಲಾಯಿಸಲು ಮುಂಭಾಗ ಬಿಚ್ಚಿದ. ಮಗಳು ಮಗ್ಗುಲಲ್ಲೇ ಮಣೆ ಹಾಕಿಕೊಂಡು ಕೂತಿದ್ದಳು. ಚಿನಕುರುಳಿ ಅಂತಲೇ ಅವಳನ್ನು ಕರೆಯುತ್ತಿದ್ದುದು. ಬಾಯಿ ಅನ್ನುವುದು ಮುಚ್ಚಿದ್ದರೆ ಕೇಳಿ. ಇದು ಯಾಕೆ ಹೀಗಿದೆ, ಅದು ಯಾಕೆ ಕಪ್ಪಗಿದೆ, ಚೈನಿಗೆ ನೋವಾಗಲ್ಲವಾ, ಅಂತ ಒಂದೇ ಸಮನೆ ಕೊರೆಯುತ್ತಿದ್ದಳು. ಮುಚ್ಚಳ ತೆಗೆದಾಗ ಅವನ ಕೈ ಒಂದು ಕ್ಷಣ ನಿಂತಿತು. ಟೆನ್ಷನರಿನ ಸುತ್ತ ಕರೀ ದಾರ ಬಿಗಿದಿತ್ತು, ದಾರದೊಳಗೆ ಕೂದಲಿನ ಸಿಂಬಿ, ಸಿಂಬಿಯ ಮೇಲೆ ತೆಳ್ಳನೆಯ ಸೀಸದ ತಗಡು, ತಗಡಿನ ತುಂಬ ಮೊಳೆಯಿಂದ ಗೀರಿದ ಅಕ್ಷರವಲ್ಲದ ಅಕ್ಷರಗಳು. ಕುದಿಯುವ ಆಯಿಲಿನಲ್ಲಿ ಇಷ್ಟು ದಿನ ಮುಳುಗಿದ್ದರೂ ಒಂದು ಎಳೆ ಸುಟ್ಟಿರಲಿಲ್ಲ. ಹಳಸಿದ ಹಾಲಿನ ವಾಸನೆ ಬರುತ್ತಿತ್ತು.

ಮಾಟ. ಅವನಿಗೂ ಅರ್ಥವಾಯಿತು. ಆದರೆ ಓದಿ ಬರೆದ ಮೆಕ್ಯಾನಿಕ್ಕು, ದಾರಕ್ಕೆ ಹೆದರುತ್ತಾನೆಯೇ? ಕಟರ್ ತೆಗೆದು ಕಚಕ್ ಅಂತ ಕತ್ತರಿಸಿದ. ದಾರ, ಕೂದಲು, ತಗಡು, ಹಳೇ ಟೆನ್ಷನರ್ ಎಲ್ಲ ಗುಜರಿ ಡಬ್ಬಕ್ಕೆ ಬಿತ್ತು. ಹೊಸ ಪಾರ್ಟು ಹಾಕಿ ಶುರು ಮಾಡಿದಾಗ ಇಂಜಿನ್ನು ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸಾಗಿ ಓಡಿತು. ಸಂಜೆ ಗುಜರಿಯವನು ಬಂದು ಡಬ್ಬ ಖಾಲಿ ಮಾಡಿಕೊಂಡು ಹೋದ. ಮಗಳು ಕಿಟಕಿಯಿಂದ ರಸ್ತೆಯೆಲ್ಲ ನೋಡಿ ಚಪ್ಪಾಳೆ ಹೊಡೆದಳು.

ಮರುದಿನ ಬೆಳಿಗ್ಗೆ ಅವನು ಹಲ್ಲುಜ್ಜುತ್ತಿದ್ದ. ಮಲಗುವ ಕೋಣೆಯಲ್ಲಿ ಮಗಳು ಎದ್ದು ಮೈ ಮುರಿದು ಮೊದಲ ಉಸಿರು ಎಳೆದುಕೊಂಡಳು.

ಕಟಕಟಕಟಕಟ.

ಅವನ ಕೈಯಲ್ಲಿದ್ದ ಬ್ರಷ್ಷು ಬಾಯಲ್ಲೇ ನಿಂತಿತು. ಸದ್ದು ಮಗುವಿನ ಎದೆಯೊಳಗಿಂದ ಬರುತ್ತಿತ್ತು. ಸ್ವಲ್ಪ ಹೊತ್ತು, ಅಷ್ಟೇ. ಆಮೇಲೆ ನಿಂತಿತು. ಮಗಳು ಹಾಸಿಗೆಯಿಂದ ಇಳಿದು ತನಗೆ ಬಿದ್ದ ಕನಸನ್ನು ಹೇಳತೊಡಗಿದಳು. ಕಫ ಕಟ್ಟಿರಬೇಕು ಕಣ್ರೀ, ಅಂದಳು ಹೆಂಡತಿ. ಅವನು ಹೂಂ ಅಂದ. ಅವನ ಕಿವಿಗೆ ಅದು ಕಫವಲ್ಲ ಅಂತ ಗೊತ್ತಿತ್ತು, ಆದರೆ ಅದನ್ನು ಬಾಯಿ ಬಿಟ್ಟು ಹೇಳಿದರೆ ಅವಳು ಇವನಿಗೇ ಮದ್ದು ಕೊಡಿಸುತ್ತಿದ್ದಳು.

ಆಸ್ಪತ್ರೆಗೆ ಕರೆದುಕೊಂಡು ಹೋದರು. ಎದ್ದು, ಹಲ್ಲುಜ್ಜಿ, ದಾರಿಯುದ್ದಕ್ಕೂ ಹರಟಿ ಅಲ್ಲಿಗೆ ತಲುಪುವಷ್ಟರಲ್ಲಿ ಮಗುವಿನ ಎದೆ ತಿಳಿಯಾಗಿರುತ್ತಿತ್ತು. ಬಿಸಿ ಮಾಡಿಟ್ಟ ಇಂಜಿನ್ನನ್ನು ತೋರಿಸಿದ ಹಾಗೆ. ಎಕ್ಸ್‌ರೇ ತೆಗೆದರು, ರಕ್ತ ತೆಗೆದರು, ಕಲ್ಲು ಗುಂಡಿನ ಹಾಗಿದ್ದಾಳೆ ಅಂದರು. ಒಂದು ರಾತ್ರಿ ಅಲ್ಲೇ ಮಲಗಿಸಿದರು. ಬೆಳಿಗ್ಗೆ ನರ್ಸು ಆ ಸದ್ದು ಕೇಳಿ ಟ್ರೇ ಕೆಳಗೆ ಬೀಳಿಸಿ ಓಡಿದಳು, ಡಾಕ್ಟರು ಬರುವ ಹೊತ್ತಿಗೆ ನಿಂತುಹೋಗಿತ್ತು. ದಿನ ಕಳೆದಂತೆ ಸದ್ದಿನ ಹೊತ್ತು ಹಿಗ್ಗುತ್ತ ಹೋಯಿತು. ಮಧ್ಯಾಹ್ನ ಒಂದು ಕೋಳಿನಿದ್ದೆ ತೆಗೆದು ಎದ್ದರೂ ಕಟಕಟ. ಮಗುವಿನ ಹರಟೆ ಕಡಿಮೆಯಾಯಿತು. ಎದೆ ಮುಟ್ಟಿಕೊಂಡು, "ಅಪ್ಪಾ, ಒಳಗೆ ಏನೋ ಲೂಸ್ ಆಗಿದೆ," ಅಂದಳು ಒಂದು ದಿನ.

ಅವತ್ತು ಹೆಂಡತಿ ಅಡುಗೆಮನೆಯಿಂದ ಬಂದಾಗ, ಅವನು ಮಲಗಿದ್ದ ಮಗಳ ಪಕ್ಕ ಮಂಡಿಯೂರಿ, ಬಟ್ಟೆ ಸುತ್ತಿದ ಸ್ಕ್ರೂಡ್ರೈವರಿನ ತುದಿಯನ್ನು ಎಳೇ ಎದೆಯ ಮೇಲಿಟ್ಟು ಹಿಡಿಗೆ ಕಿವಿ ಆನಿಸಿದ್ದ. ಅವಳು ಕೂಗಲಿಲ್ಲ. ಗಂಡನ ಮುಖ ನೋಡಿ ಮಗಳ ಇನ್ನೊಂದು ಮಗ್ಗುಲಿಗೆ ಬಂದು ಕೂತಳು. ಆಗ ಅವನು ಎಲ್ಲ ಹೇಳಿದ. ಅಜ್ಜಿಯ ಮಾತು, ಕರೀ ದಾರ, ಎಲ್ಲ. ಹೇಳುತ್ತ ಮಗುವಿನ ಹಾಗೆ ಅತ್ತುಬಿಟ್ಟ.

ಅಜ್ಜಿಯ ಮನೆಗೆ ಹೋದಾಗ ಅಂಗಳದಲ್ಲಿ ಸೊಸೆ ಹಾಡು ಗುನುಗುತ್ತ ಬಟ್ಟೆ ಒಣಹಾಕುತ್ತಿದ್ದಳು. ಕೆನ್ನೆಯಲ್ಲಿ ರಕ್ತ ತುಂಬಿತ್ತು. ಇವನನ್ನು ಕಂಡದ್ದೇ ಬಕೆಟ್ಟು ಬಿಟ್ಟು ಒಳಗೆ ಓಡಿದಳು. ಅಜ್ಜಿ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತಳು.

"ಹೇಳಿದ್ನಲ್ಲಪ್ಪ," ಅಂದಳು.

"ಹೇಳಿದ್ರಿ. ಯಾಕೆ ಹೇಳಿದ್ರಿ?"

"ಹೇಳದೆ ಕೊಟ್ರೆ ಅದು ದಾಟಲ್ಲ. ಬೇಡ ಅಂದ್ಮೇಲೂ ಕಿವಿ ಇಡಬೇಕು. ಇಟ್ಟವನ ಮನೆಗೆ ಹೋಗುತ್ತೆ. ನನ್ನ ಮಗನಿಗೂ ಹಿಂದಿನವರು ಬೇಡ ಅಂದಿದ್ರು, ಅವನು ನಕ್ಕು ಕಿವಿ ಇಟ್ಟ. ಅನುಭವಿಸಿದ್ದು ಸೊಸೆ."

ಮೊದಲು ಮಾಡಿಸಿದ್ದು ಯಾರು ಅಂತ ಅವಳಿಗೂ ಸರಿಯಾಗಿ ಗೊತ್ತಿರಲಿಲ್ಲ. ಯಾವಳೋ ತಾಯಿಯಂತೆ. ಪಾರ್ಟು ಖೊಟ್ಟಿ ಅಂತ ಗೊತ್ತಿದ್ದೂ ಮುಚ್ಚಿಟ್ಟು ಅವಳಿಗೆ ಗಾಡಿ ಮಾರಿದ್ದರಂತೆ, ನಡುರಸ್ತೆಯಲ್ಲಿ ಚೈನು ಕಡಿದು ಗಾಡಿ ನಿಂತಾಗ ಹಿಂದಿನಿಂದ ಲಾರಿ ಬಂದು ಮಗು ಹೋಯಿತಂತೆ. ಹೊಟ್ಟೆ ಉರಿದು, ಮಾರಿದವನ ಮನೆಯಲ್ಲೇ ಇದ್ದ ಇದೇ ಮಾಡೆಲ್ಲಿನ ಈ ಗಾಡಿಗೆ ಮಾಡಿಸಿದ್ದು. ಮಾರಿದವನು ಬೇರೆಯವರಿಗೆ ದಾಟಿಸಿದ, ಅವರು ಇನ್ನೊಬ್ಬರಿಗೆ, ಹೀಗೆ ಮನೆಯಿಂದ ಮನೆಗೆ. ಅವನು ಅಜ್ಜಿಯ ಕಾಲು ಹಿಡಿದ. ತಾನೂ ದಾಟಿಸುತ್ತೇನೆ, ಹೇಗೆ ಅಂತ ಹೇಳಿಕೊಡಿ ಅಂದ. ಹೇಳುವಾಗ ನಾಚಿಕೆಯಾಗಲಿಲ್ಲ ಅವನಿಗೆ.

"ಗಾಡಿ ಹೇಗಿತ್ತೋ ಹಾಗೇ ಮಾರು," ಅಂದಳು ಅಜ್ಜಿ. "ಕೆಟ್ಟ ಸದ್ದು ಬರ್ತಾ ಇರಬೇಕು. ಸದ್ದು ಬಂದ್ರೆ ತಾನೆ ಕಿವಿ ಇಡೋದು? ಅದಿರೋದು ಆ ಪಾರ್ಟ್‌ನಲ್ಲೇ."

ಅವನು ಅಜ್ಜಿಯ ಕಾಲಿನಿಂದ ಕೈ ತೆಗೆದ.

"ಬದಲಾಯಿಸಿಬಿಟ್ಯಾ?" ಅಜ್ಜಿ ಎದ್ದು ನಿಂತಳು. "ನಾವ್ಯಾರೂ ಅದನ್ನ ಮುಟ್ಟಲಿಲ್ಲವಲ್ಲೋ. ಯಾರೂ ರಿಪೇರಿ ಮಾಡಿಸಲಿಲ್ಲ."

ಎಂಥ ಗ್ರಹಚಾರ ನೋಡಿ. ಆ ಗಾಡಿ ದಾಟಿ ಬಂದ ಅಷ್ಟೂ ಜನರಲ್ಲಿ ಕೆಟ್ಟದ್ದನ್ನು ತೆಗೆದು ಒಳ್ಳೆಯದನ್ನು ಹಾಕಿದವನು ಇವನೊಬ್ಬನೇ.

ಗುಜರಿ ಅಂಗಡಿಗೆ ಓಡಿದ. ಆ ಲೋಡು ಕುಲುಮೆಗೆ ಹೋಯಿತು ಅಂದರು. ಕುಲುಮೆಗೆ ಓಡಿದ. ಅಲ್ಲಿನ ಮೇಸ್ತ್ರಿ ಇವನ ಅವತಾರ ನೋಡಿ ಅಡ್ಡ ನಿಂತ, ಏನು ಬೇಕು ಅಂತ ಕೇಳಿದ. ಹೆಬ್ಬೆರಳಿನಷ್ಟು ಪಾರ್ಟು, ಕರೀ ದಾರ, ಕೂದಲು ಅಂತ ತೊದಲಿದ. ಮೇಸ್ತ್ರಿ ಕುಲುಮೆಯ ಬಾಯಿಯ ಕಡೆ ಕೈ ತೋರಿಸಿದ. ಕರಗಿದ ಲೋಹ ಕೆಂಪಗೆ ಹರಿದು ಅಚ್ಚಿಗೆ ಇಳಿಯುತ್ತಿತ್ತು. ಕೂದಲು ಸುಟ್ಟ ವಾಸನೆ ಬಂತು. ಅವನಿಗೆ ಮಾತ್ರ ಬಂತು.

ಬಿಡಲಿಲ್ಲ ಅವನು. ಇನ್ನೊಂದು ಖೊಟ್ಟಿ ಟೆನ್ಷನರ್ ಹುಡುಕಿ ತಂದು ಹಾಕಿದ, ಇಂಜಿನ್ನು ಕಟಕಟ ಅಂದಿತು. ಗಿರಾಕಿ ಬಂದ. ಇವನು ಬೇಡ ಅಂದ, ಅವನು ನಕ್ಕು ಕಿವಿ ಇಟ್ಟ. ಇವನು ಉಸಿರು ಬಿಗಿಹಿಡಿದು ಮನೆಯೊಳಗೆ ಓಡಿದ. ಮಗಳು ಎಚ್ಚರಗೊಳ್ಳುತ್ತಿದ್ದಳು. ಕಟಕಟಕಟ. ಏನೂ ದಾಟಿರಲಿಲ್ಲ. ಹೊರಗೆ ಬಂದು ಗಿರಾಕಿಯನ್ನು ವಾಪಸ್ಸು ಕಳಿಸಿದ.

ಇನ್ನು ಉಳಿದದ್ದು ಒಂದೇ ದಾರಿ. ಚೈನು ಸಡಿಲವಾಗಿದೆ, ಬದಲಾಯಿಸಲು ಆಗುವುದಿಲ್ಲ ಅಂದರೆ ಯಾವ ಮೆಕ್ಯಾನಿಕ್ಕೂ ಹೇಳುವುದು ಅದನ್ನೇ. ಇಂಜಿನ್ ಆಫ್ ಮಾಡಬೇಡಿ. ತಣ್ಣಗಾಗಲು ಬಿಡಬೇಡಿ.

ಮಗಳನ್ನು ಮಲಗಲು ಬಿಡಲಿಲ್ಲ.

ಆಟ ಆಡಿಸಿದರು. ಕತೆ ಹೇಳಿದರು. ಗಾಡಿಯಲ್ಲಿ ಕೂರಿಸಿ ಊರು ಸುತ್ತಿಸಿದರು. ಕಣ್ಣು ಎಳೆದರೆ ತಣ್ಣೀರು ಚಿಮುಕಿಸಿದರು. ರೆಪ್ಪೆ ಕೂಡುವಷ್ಟರಲ್ಲಿ ಭುಜ ಹಿಡಿದು ಅಲುಗಿಸಿದರು. "ಅಪ್ಪಾ, ಒಂಚೂರು ಮಲಗ್ಲಾ?" ಅಂತ ಮಗು ಕೇಳುತ್ತಿತ್ತು. "ಬೇಡ ಕಂದಾ, ಆಮೇಲೆ." ಅದು ಅಳುತ್ತಿತ್ತು. ಅಳಲಿ. ಅತ್ತರೆ ಎಚ್ಚರವಿರುತ್ತದೆ. ಆಮೇಲೆ ಅಳುವುದನ್ನೂ ಬಿಟ್ಟಿತು. ನಡೆದಾಡಿಸಿದರೆ ಕಾಲು ಮಡಚಿಕೊಳ್ಳುತ್ತಿತ್ತು. ಅವನು ಚಿವುಟಿದ. ತನ್ನ ಮಗುವಿನ ತೋಳನ್ನು ತಾನೇ ಚಿವುಟಿದ. ಕೆಂಪು ಗುರುತು. ಮತ್ತೆ ಚಿವುಟಿದ. ಹೆಂಡತಿ ಅವನ ಕೈ ಹಿಡಿದಳು. "ಸಾಕು ಬಿಡ್ರೀ," ಅಂದಳು. ಮಗಳನ್ನು ಎತ್ತಿ ಮಡಿಲಲ್ಲಿ ಹಾಕಿಕೊಂಡಳು. ಮಗು ಮಲಗಿತು.

ಮಧ್ಯಾಹ್ನದ ಬಿಸಿಲು ಕಿಟಕಿಯಿಂದ ನೆಲಕ್ಕೆ ಬಿದ್ದಿತ್ತು. ಅವನು ಹೊರಗೆ ಹೋಗಿ ಗಾಡಿಯ ಮಗ್ಗುಲಲ್ಲಿ ಕೂತ. ಒಳಗಿದ್ದರೆ ಎಬ್ಬಿಸಿಬಿಡುತ್ತೇನೆ ಅಂತ ಭಯ. ಎದ್ದಾಗಿನ ಆ ಸದ್ದು ಕೇಳಬೇಕಾಗುತ್ತದಲ್ಲ ಅಂತಲೂ ಭಯ. ಎಷ್ಟು ಹೊತ್ತು ಕೂತನೋ, ಬಿಸಿಲು ಗೋಡೆ ಹತ್ತಿತ್ತು.

"ರೀ! ಬನ್ನಿ ಇಲ್ಲಿ!"

ಓಡಿದ. ಹೆಂಡತಿಯ ಮುಖ ಅರಳಿತ್ತು, ಕಣ್ಣಲ್ಲಿ ನೀರು. ಎಷ್ಟು ದಿನವಾಗಿತ್ತು ಅವಳು ನಕ್ಕು.

"ಈಗ ತಾನೆ ಕಣ್ಣು ಬಿಟ್ಲು ಕಣ್ರೀ. ನನ್ನ ನೋಡಿದ್ಲು. ಉದ್ದಕ್ಕೆ ಉಸಿರೆಳ್ಕೊಂಡ್ಲು. ಸದ್ದೇ ಬರ್ಲಿಲ್ಲ. ಒಂಚೂರೂ ಬರ್ಲಿಲ್ಲ. ಹಾಗೇ ಮತ್ತೆ ಮಲಗಿಬಿಟ್ಲು." ಅವಳು ಮಗುವಿನ ಕೂದಲು ನೇವರಿಸಿದಳು. "ವಾಸಿ ಆಯ್ತು."

ಅವನು ಬಾಗಿಲಲ್ಲೇ ನಿಂತ. ಸಡಿಲವಾದ ಚೈನು ಕಟಕಟ ಅನ್ನುತ್ತದೆ. ಕಡಿದ ಚೈನು ಏನೂ ಅನ್ನುವುದಿಲ್ಲ. ಮಡಿಲಿನಿಂದ ಜಾರಿದ ಪುಟ್ಟ ಕೈ ಗಾಳಿಯಲ್ಲಿ ತೂಗುತ್ತಿತ್ತು, ಬೆರಳುಗಳು ಬಿಡಿಸಿಕೊಂಡಿದ್ದವು.

"ಎಬ್ಬಿಸಬೇಡಿ ಪಾಪ," ಹೆಂಡತಿ ಪಿಸುಗುಟ್ಟಿದಳು. "ಚೆನ್ನಾಗಿ ಮಲಗ್ಲಿ."

ಅವನು ಎಬ್ಬಿಸಲಿಲ್ಲ.